ಬೊಮ್ಮಯ್ಯ ನಾಯಕರ ಅಸಲಿ ಬೆಕ್ಕು

ಎಲ್ಲಕ್ಕೂ ಕಾರಣ ಹೆಬ್ಬೆರಳು ಗಾತ್ರದ ಒಂದು ಮುಲಾಮಿನ ಬಾಟಲಿ.

ಎದುರುಮನೆಯ ಗುರುಪ್ರಸಾದ ಬ್ಯಾಂಕಾಕಿಗೆ ಹೋಗಿ ಬರುವಾಗ ಸಂಪಿಗೆಕೇರಿಯ ಎಲ್ಲರಿಗೂ ಏನಾದರೊಂದು ತಂದಿದ್ದ. ಹೆಂಗಸರಿಗೆ ಮಿಂಚುವ ಪರ್ಸು, ಗಂಡಸರಿಗೆ ಆನೆಯ ಕೀಚೈನು, ಮಕ್ಕಳಿಗೆ ಚಾಕಲೇಟು. ಬೊಮ್ಮಯ್ಯ ನಾಯಕರ ಪಾಲಿಗೆ ಮಾತ್ರ ಈ ಮುಲಾಮು ಬಂತು. "ಎಲ್ಲಿ ಉರಿ ಅನ್ನಿಸ್ತದೋ ಅಲ್ಲಿ ಹಚ್ಚಿ ನಾಯಕರೆ, ಎರಡು ನಿಮಿಷಕ್ಕೆ ತಂಪು" ಎಂದು ಗುರುಪ್ರಸಾದ ಹಲ್ಲು ಬಿಟ್ಟು ಕೊಟ್ಟಿದ್ದ. ನಾಯಕರಿಗೆ ಉರಿಯುತ್ತಿದ್ದದ್ದು ಹೊಟ್ಟೆಯ ಒಳಗೆ. ಅಲ್ಲಿಗೆ ಮುಲಾಮು ಹಚ್ಚುವುದು ಹೇಗೆ?

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಉಪದೇಶ ಮಾಡುವವರು ಎದುರುಮನೆಯವನು ವಿಮಾನ ಹತ್ತುವುದನ್ನು ಕಂಡವರಲ್ಲ. ಅಂಕೋಲೆಯ ಪೇಟೆಯಲ್ಲಿ ಇಬ್ಬರದೂ ಒಂದೇ ಸಾಲಿನ ಅಂಗಡಿ. ನಾಯಕರದು ಸಿಮೆಂಟು, ಕಬ್ಬಿಣ, ಗುರುಪ್ರಸಾದನದು ಪೇಂಟು. ನಾಯಕರ ಸಿಮೆಂಟಿನಿಂದ ಎದ್ದ ಗೋಡೆಗೆ ಗುರುಪ್ರಸಾದನ ಬಣ್ಣ ಬೀಳುತ್ತಿತ್ತು. ಗೃಹಪ್ರವೇಶಕ್ಕೆ ಬಂದವರು "ಬಣ್ಣ ಎಷ್ಟು ಚಂದ ಅದೆ!" ಎನ್ನುತ್ತಿದ್ದರೇ ಹೊರತು, "ಸಿಮೆಂಟು ಎಷ್ಟು ಚಂದ ಅದೆ!" ಎಂದವರನ್ನು ನಾಯಕರು ಇಷ್ಟು ವರ್ಷದಲ್ಲಿ ಒಬ್ಬರನ್ನೂ ಕಂಡಿರಲಿಲ್ಲ.

ಮಾಲು ಹೆಚ್ಚು ಎತ್ತಿದ ಡೀಲರುಗಳನ್ನು ಕಂಪನಿಯವರು ವರ್ಷಕ್ಕೊಮ್ಮೆ ವಿದೇಶಕ್ಕೆ ಕರೆದೊಯ್ಯುವುದು ಈ ವ್ಯಾಪಾರದ ರೂಢಿ. ಹೋದ ವರ್ಷ ಪೇಂಟ್ ಕಂಪನಿ ಗುರುಪ್ರಸಾದನನ್ನು ಕರೆದೊಯ್ದಿತು. ಸಿಮೆಂಟ್ ಕಂಪನಿಯ ಪಟ್ಟಿಯಲ್ಲಿ ನಾಯಕರ ಹೆಸರು ಕೂದಲೆಳೆಯಲ್ಲಿ ತಪ್ಪಿಹೋಯಿತು. ತಪ್ಪುವ ಹೊತ್ತಿಗೆ ನಾಯಕರು ಪಾಸ್‌ಪೋರ್ಟ್ ಮಾಡಿಸಿದ್ದರು. ನಾಲ್ಕು ಗಾಲಿಯ ಕೆಂಪು ಸೂಟ್‌ಕೇಸ್ ಕೊಂಡು ಕೇರಿಗೆಲ್ಲ ತೋರಿಸಿಯೂ ಆಗಿತ್ತು. ಆ ಸೂಟ್‌ಕೇಸ್ ಈಗ ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿಸಿಕೊಳ್ಳದೆ ಕಪಾಟಿನ ಮೇಲೆ ಕುಳಿತು ಅವರನ್ನೇ ನೋಡುತ್ತಿತ್ತು.

ಗುರುಪ್ರಸಾದ ಅದರ ನಂತರ ಸುಮ್ಮನಿದ್ದನೇ? ಕರೆಂಟು ಹೋದರೆ "ಬ್ಯಾಂಕಾಕಲ್ಲಿ ಹಿಂಗೆ ಹೋಗೂದಿಲ್ಲ" ಎನ್ನುವನು. ಎಳನೀರು ಕುಡಿದರೆ "ಅಲ್ಲಿಯ ಎಳ್ನೀರು ಬೇರೆಯೇ" ಎನ್ನುವನು. ಮಂಡಿಯಷ್ಟು ಆಳದ ಹೊಂಡಕ್ಕೆ ಸ್ಕೂಟರ್ ಸಮೇತ ಬಿದ್ದಾಗಲೂ ಹೊಂಡದೊಳಗಿಂದ ಅದೇ ಮಾತು.

ಈ ವರ್ಷ ನಾಯಕರು ಹಲ್ಲು ಕಚ್ಚಿ ಹಟ ಹಿಡಿದಿದ್ದರು. ಗುರಿ ಮುಟ್ಟಲು ಒಂದೇ ಲಾರಿ ಸಿಮೆಂಟು ಕಡಿಮೆಯಿತ್ತು. ಗೋದಾಮು ಪೈಪು, ಕಬ್ಬಿಣಗಳಿಂದ ತುಂಬಿ ಹೋಗಿದ್ದರೂ ಅದನ್ನೂ ತರಿಸಿಯೇ ಬಿಟ್ಟರು. ಆ ಭಾನುವಾರ ಬೆಳಿಗ್ಗೆ ಲಾರಿ ಬಂದು ಗೋದಾಮಿನ ಅಂಗಳದಲ್ಲಿ ಚೀಲಗಳನ್ನು ಸುರಿದು ಹೋಯಿತು. ಕಾರವಾರದಿಂದ ಬೈಕಿನಲ್ಲಿ ಬಂದಿದ್ದ ಕಂಪನಿಯ ಸೇಲ್ಸ್ ಆಫೀಸರ್ ಅಮಿತ ಅವುಗಳ ಫೋಟೋ ತೆಗೆದುಕೊಂಡ.

"ಬ್ಯಾಂಕಾಕ್ ಪಕ್ಕಾ ಅಲ್ದಾ?" ಎಂದು ನಾಯಕರು ಕೇಳಿದರು.

"ನಿಮ್ದು ಪಕ್ಕಾ ಸರ್. ಯಾವ ಊರು ಅನ್ನೂದಕ್ಕೆ ಮಾತ್ರ ದೊಡ್ಡ ಸಾಹೇಬ್ರು ಸಹಿ ಹಾಕ್ಬೇಕು. ಬ್ಯಾಂಕಾಕೇ ಆಗ್ತದೆ, ಪ್ರತಿ ವರ್ಷ ಅದೇ" ಎಂದು ಹೇಳಿ ಅವನು ತಿಂಡಿ ತಿನ್ನಲು ಹೋದ.

ನಾಯಕರ ಮುಖ ಒಂದು ವರ್ಷದ ನಂತರ ಅರಳಿತು. ಅದು ಬಾಡಲು ಅರ್ಧ ಗಂಟೆಯೂ ಬೇಕಾಗಲಿಲ್ಲ.

ಆ ವರ್ಷ ಮೃಗಶಿರಾ ನಕ್ಷತ್ರ ಮುಗಿಯುತ್ತ ಬಂದರೂ ಮಳೆಯ ಸುಳಿವಿರಲಿಲ್ಲ. "ಬಾವಿಲಿ ಕೊಡಪಾನ ಮುಳುಗೂದಿಲ್ಲ ಒಡೆಯಾ, ಬಸಳೆ ಎಲ್ಲ ಸುಟ್ಟೋಯ್ತು" ಎಂದು ತರಕಾರಿ ಮಾರುವ ಬೊಮ್ಮಿ ದಿನಾ ಬಂದು ಖಾಲಿ ಬುಟ್ಟಿ ತೋರಿಸುತ್ತಿದ್ದಳು. ನೀರಿನ ಟ್ಯಾಂಕರ್ ಬಂದ ದಿನ ಕೇರಿಯ ಹೆಂಗಸರ ಜಗಳ ಸಮುದ್ರದ ಸದ್ದನ್ನೂ ಮೀರುತ್ತಿತ್ತು. ಇಂಥ ಹೊತ್ತಿನಲ್ಲಿ, ನಾಯಕರು ಗೋದಾಮಿನಿಂದ ಮರಳುವಾಗ, ಗುರುಪ್ರಸಾದ ಕೇರಿಯ ನಡುವಿನ ಕಟ್ಟೆ ಹತ್ತಿ ನಿಂತಿದ್ದ. ಸುತ್ತ ಜನ ನೆರೆದಿದ್ದರು. ಅವನ ಕೈಯಲ್ಲಿ ಮಗಳು ಪ್ರೇಕ್ಷಾಳಿಗೆಂದು ತಂದಿದ್ದ, ಹತ್ತಿ ತುಂಬಿದ ಗುಲಾಬಿ ಬಣ್ಣದ ಬೆಕ್ಕಿನ ಗೊಂಬೆಯಿತ್ತು.

"ಬ್ಯಾಂಕಾಕಿಂದ ನಮ್ಗೆ ಒಂದು ಹಳ್ಳಿಗೆ ಕರ್ಕೊಂಡು ಹೋಗಿದ್ರು. ಥೇಟ್ ನಮ್ಮ ಹಾಗೇ ಭತ್ತದ ಗದ್ದೆ. ಮಳೆ ತಡ ಆದ್ರೆ ಅವ್ರು ಎಂತ ಮಾಡ್ತಾರೆ ಗೊತ್ತಿದ್ಯಾ? ಬೆಕ್ಕನ್ನ ಬುಟ್ಟಿಯಲ್ಲಿ ಕೂರಿಸಿ ಮನೆಮನೆಗೆ ಮೆರವಣಿಗೆ! ಎಲ್ರೂ ಅದ್ರ ಮೇಲೆ ನೀರು ಹೊಯ್ಯೂದು. ಬೆಕ್ಕಿಗೆ ನೀರು ಅಂದ್ರೆ ಆಗೂದಿಲ್ಲ ಅಲ್ದಾ, ಕೂಗ್ತದೆ. ಅದು ಕೂಗಿದ್ರೆ ಮಳೆ!"

"ಪಾಪ, ಬೆಕ್ಕಿಗೆ ಹಿಂಸೆ ಅಲ್ವಾ?" ಎಂದರು ಕೇರಿಯ ನಿವೃತ್ತ ಶಿಕ್ಷಕಿ ಶರಾವತಿ ಟೀಚರು.

"ಅರೇ, ಅದ್ಕೇ ಟೀಚರೆ, ಅವ್ರು ಈಗ ಸುಧಾರಿಸ್ಕೊಂಡಾರೆ. ಪ್ರಾಣಿದಯೆಯವ್ರು ಬಂದು ಗಲಾಟೆ ಮಾಡಿದ್ರಂತೆ. ಈಗ ಜೀವ ಇರೂ ಬೆಕ್ಕಿನ ಬದ್ಲು ಗೊಂಬೆ ಬೆಕ್ಕು. ಮಳೆ ಮಾತ್ರ ಮೊದ್ಲಿನ ಹಾಗೇ ಬೀಳ್ತದಂತೆ. ನಾವೂ ಒಂದ್ಸಲ ಮಾಡಿ ನೋಡ್ವಾ?"

ಜನ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ನಾಯಕರು ಲೆಕ್ಕ ಹಾಕಿದರು. ಅಕಸ್ಮಾತ್ ಮಳೆ ಬಂದೇಬಿಟ್ಟರೆ? ಆಮೇಲೆ ಪ್ರತಿ ಹನಿಗೂ ಗುರುಪ್ರಸಾದನದೇ ಹೆಸರು. ಬಾವಿ ತುಂಬಿದರೆ ಅವನಿಂದ, ಬಸಳೆ ಚಿಗುರಿದರೆ ಅವನಿಂದ. ಮುಂಗಾರೆಂಬ ಮುಂಗಾರೂ ಅವನ ಅಂಗಡಿಯ ಮಾಲಾಗಿಬಿಡುತ್ತದೆ!

"ಗೊಂಬೆ ಬೆಕ್ಕಿಗೆ ಗೊಂಬೆ ಮಳೆಯೇ ಬರೂದು!" ಎಂದು ನಾಯಕರು ಗುಂಪಿನ ಹಿಂದಿನಿಂದ ಕೂಗಿದರು. "ದೇವ್ರಿಗೇ ಡೂಪ್ಲಿಕೇಟ್ ಮಾಲು ಕೊಡ್ತೀರಾ?"

"ಹಂಗಾದ್ರೆ ನೀವು ಅಸಲಿ ತನ್ನಿ ನಾಯಕರೆ" ಎಂದು ಗುರುಪ್ರಸಾದ ನಕ್ಕ. ಅವನ ಹಿಂದೆ ಇಡೀ ಕೇರಿ ನಕ್ಕಿತು.

"ತರ್ತೆ! ತಂದೇ ತರ್ತೆ!" ಎಂದು ನಾಯಕರು ಪಂಚೆ ಎತ್ತಿಕಟ್ಟಿದರು.

ಅಸಲಿ ಬೆಕ್ಕಿಗೆ ಅವರಲ್ಲಿ ಕೊರತೆಯಿರಲಿಲ್ಲ. ಗೋದಾಮಿನ ಇಲಿ ಕಾಯಲು ಸಾಕಿದ್ದ ಕರಿಯ ಎಂಬ ಗಂಡು ಬೆಕ್ಕು ಬಣ್ಣದಲ್ಲಿ ಡಾಂಬರು, ಗಾತ್ರದಲ್ಲಿ ಕುಂಬಳಕಾಯಿ. ಬೋಟು ಕಡಲಿಗಿಳಿಯದ ಕಾಲವಾದ್ದರಿಂದ ಮೀನಿನ ತಲೆ ಸಿಗದೆ ಅದು ಕೆಲವು ದಿನಗಳಿಂದ ಇಡೀ ಲೋಕದ ಮೇಲೆ ಸಿಟ್ಟಾಗಿತ್ತು.

"ನಿಮ್ಗೆ ಮಳೆ ಬೇಕಾ, ಇಲ್ಲಾ ಗುರುಪ್ರಸಾದರ ಮರ್ಯಾದೆ ಹೋಗೂದು ಬೇಕಾ?" ಎಂದು ಹೆಂಡತಿ ಪೂರ್ಣಿಮಾ ನೇರವಾಗಿಯೇ ಕೇಳಿದರು.

ನಾಯಕರು ಪ್ರಾಮಾಣಿಕವಾಗಿ ಯೋಚಿಸಿದರು. "ಎರಡೂ ಬೇಕು. ಮಳೆಗೆ ಅಷ್ಟು ಅವಸರ ಇಲ್ಲ" ಎಂದರು.

ಗೋದಾಮಿನಲ್ಲಿ ಹಮಾಲಿ ಮಾಸ್ತಿ ದೊಡ್ಡ ತಾಡಪತ್ರಿ ಹಿಡಿದು ಸಿಮೆಂಟಿನ ಕಡೆ ಹೊರಟಿದ್ದ. "ಅಂಗಳದಲ್ಲಿ ಇಟ್ಟದ್ದಕ್ಕೆ ಇದನ್ನ ಹೊದೆಸಿ ಬತ್ತೆ ಒಡೆಯಾ."

"ಸಿಮೆಂಟು ಎಲ್ಲಾದ್ರೂ ಓಡಿ ಹೋತದ್ಯಾ? ಬೆಕ್ಕು ಓಡಿ ಹೋತದೆ! ಇತ್ಲಾಗೆ ತಾ ಅದನ್ನ."

"ಮಳೆಗಿಳೆ ಬಂದ್ರೆ?"

"ಆಕಾಶ ನೋಡು, ತೊಳೆದಿಟ್ಟ ತಟ್ಟೆ ಹಾಂಗದೆ. ಮಳೆ ಎಲ್ಲಿಂದ ಬರ್ತದೆ?"

ಮಳೆ ತರಿಸಲು ಹೊರಟವರೇ ಹೀಗೆ ಹೇಳಿದ್ದು ಮಾಸ್ತಿಗೆ ಅರ್ಥವಾಗಲಿಲ್ಲ. ದೊಡ್ಡವರ ಮಾತು ಎಂದುಕೊಂಡು ತಾಡಪತ್ರಿಯ ಇನ್ನೊಂದು ತುದಿ ಹಿಡಿದ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆ ಸೇರಿ ಕೇಳಿದವಂತೆ. ನಾಯಕರು ಗಂಟೆಯಲ್ಲ, ಅಬ್ಬಲಿಗೆ ಹೂವಿನ ಮಾಲೆಯನ್ನೇ ಹಾಕಹೊರಟಿದ್ದರು. ಮೊದಲ ಸಲ ತಾಡಪತ್ರಿ ಬೀಸಿದಾಗ ಅದರೊಳಗೆ ಸಿಕ್ಕಿದ್ದು ಮಾಸ್ತಿ. ಎರಡನೆಯ ಸಲ ನಾಯಕರು. ಮೂರನೆಯ ಸಲ ನಾಯಕರೂ ಕರಿಯನೂ ಒಟ್ಟಿಗೆ ಸಿಕ್ಕರು. ಒಳಗೆ ನಡೆದದ್ದು ಹೊರಗಿನವರಿಗೆ ಸದ್ದಿನಿಂದ ಮಾತ್ರ ತಿಳಿಯಿತು. ಕೊನೆಗೆ ನಾಯಕರ ಮುಖದ ಮೇಲೆ ಉದ್ದುದ್ದ ಗೆರೆಗಳೆದ್ದವು, ಕರಿಯ ಕೊರಳ ಮಾಲೆ ಸಮೇತ ತರಕಾರಿ ಕ್ರೇಟಿನೊಳಗೆ ಬಿತ್ತು. ಕ್ರೇಟಿಗೆ ಮುಚ್ಚಳವಿರಲಿಲ್ಲವಾದ್ದರಿಂದ ಅದೇ ತಾಡಪತ್ರಿಯನ್ನು ಮೇಲೆ ಹೊದೆಸಿ ಹಗ್ಗ ಬಿಗಿದರು. ಎರಡು ಬಿದಿರಿನ ಗಳ ಕಟ್ಟಿ, ಮಾಸ್ತಿಯೂ ಇನ್ನೊಬ್ಬ ಹಮಾಲಿಯೂ ಹೆಗಲು ಕೊಟ್ಟದ್ದೇ ಅಸಲಿ ಬೆಕ್ಕಿನ ಸವಾರಿ ಹೊರಟಿತು.

ಮೊದಲನೆಯ ಮನೆ ಶರಾವತಿ ಟೀಚರದು. ಅವರು ಚೊಂಬು ಹಿಡಿದು ನಗುತ್ತಲೇ ಬಾಗಿಲಿಗೆ ಬಂದರು. ತಾಡಪತ್ರಿಯ ಸಂದಿನಿಂದ ಕಪ್ಪು ಮೂತಿಯೊಂದು ಹೊರಬಂದದ್ದನ್ನು ಕಂಡು ಹಾವು ಮೆಟ್ಟಿದವರಂತೆ ಹಿಂದೆ ಸರಿದರು.

"ಅಯ್ಯಯ್ಯೋ ನಾಯಕರೆ! ನಾಳೆ ನನ್ನ ತಂಗಿ ಮಗ ಇಂಟರ್‌ವ್ಯೂ ಅಂತ ಮಲ್ಲಾಪುರಕ್ಕೆ ಹೊರಟವ್ನೆ. ಕರೀ ಬೆಕ್ಕನ್ನ ಬಾಗಿಲಿಗೇ ತಂದ್ರಲ್ಲ!"

"ಇದು ಅಡ್ಡ ಬಂದದ್ದಲ್ಲ ಟೀಚರೆ, ಎದುರು ಬಂದದ್ದು."

"ಅಡ್ಡ ಬಂದ್ರೆ ಕೆಲಸ ಕೆಡ್ತದೆ, ಎದುರು ಬಂದ್ರೆ ಕೆಲಸವೇ ಸಿಕ್ಕೂದಿಲ್ಲ!" ಎಂದು ಟೀಚರು ಬಾಗಿಲು ಹಾಕಿಕೊಂಡರು.

ಎರಡನೆಯ ಮನೆಯಲ್ಲಿ ಕಿಟಕಿಯೂ ಮುಚ್ಚಿತು. ಮೂರನೆಯ ಮನೆಯವರು ಹೆಣ್ಣು ನೋಡಲು ಹೊರಟು ಚಪ್ಪಲಿ ಮೆಟ್ಟಿದ್ದವರು ಚಪ್ಪಲಿ ಕಳಚಿ ಒಳಗೆ ಹೋಗಿ ನೀರು ಕುಡಿದು ಕುಳಿತರು. ನಾಯಕರಿಗೆ ಆಗ ಹೊಳೆಯಿತು. ಥಾಯ್ಲೆಂಡಿನ ಬೆಕ್ಕಿನ ನಸೀಬೇ ಬೇರೆ, ಅಂಕೋಲೆಯ ಬೆಕ್ಕಿನ ನಸೀಬೇ ಬೇರೆ. ಅಲ್ಲಿ ಮಳೆ ತರುವ ಪ್ರಾಣಿ ಇಲ್ಲಿ ರಸ್ತೆ ದಾಟಿದರೇ ಅಪಶಕುನ. ಆದರೆ ಇಷ್ಟು ದೂರ ಬಂದು ಹಿಂದೆ ಹೋಗುವುದೇ? ಅದೂ ಗುರುಪ್ರಸಾದನ ಎದುರು?

ಅತ್ತ ಗುರುಪ್ರಸಾದನ ಗೊಂಬೆಗೆ ಜಾತ್ರೆಯ ಮರ್ಯಾದೆ ನಡೆಯುತ್ತಿತ್ತು. ಪೇಂಟಿನ ಡಬ್ಬಿಗಳ ಮೇಲೆ ಹಲಗೆ ಕಟ್ಟಿ, ಸುತ್ತ ಬಣ್ಣದ ಕಾಗದ ಹಚ್ಚಿ ಪಲ್ಲಕ್ಕಿ ಮಾಡಿದ್ದರು. ಒಬ್ಬರು ಅದಕ್ಕೆ ಕುಂಕುಮ ಹಚ್ಚಿದರು, ಇನ್ನೊಬ್ಬರು ಬಟ್ಟಲಲ್ಲಿ ಹಾಲಿಟ್ಟರು. ನೀರಿಗೆ ತತ್ವಾರವಾದ್ದರಿಂದ ಬಕೆಟ್ ಹೊಯ್ಯುವ ಪದ್ಧತಿಯನ್ನು ಕೇರಿಯವರು ಸ್ವಲ್ಪ ಸುಧಾರಿಸಿಕೊಂಡಿದ್ದರು: ಮನೆಗೊಂದು ಚಮಚ. ಗುರುಪ್ರಸಾದನ ಹೆಂಡತಿ ವೈಶಾಲಿ ಮಾತ್ರ, ತಮ್ಮದೇ ಮೆರವಣಿಗೆಯೆಂಬ ಅಭಿಮಾನಕ್ಕೆ, ಒಂದು ತುಂಬಿದ ಚೊಂಬನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ನಡೆಯುತ್ತಿದ್ದಳು. ಹಿಂದೆ ಬಂದವರಿಗೆಲ್ಲ ಪಾನಕ.

ಪಾನಕದ ಲೋಟಗಳನ್ನು ದೂರದಿಂದ ಎಣಿಸುತ್ತ ನಾಯಕರು ಒಣಗಿದ ಗಂಟಲಿನಲ್ಲಿ ಉಗುಳು ನುಂಗಿದರು. ಇಲ್ಲಿ ಅಸಲಿ ಬೆಕ್ಕಿಗೆ ಮುಚ್ಚಿದ ಬಾಗಿಲು, ಅಲ್ಲಿ ಹತ್ತಿಯ ಬೆಕ್ಕಿಗೆ ಹಾಲು! ಲೋಕದಲ್ಲಿ ಸಿಮೆಂಟಿಗೆ ಬೆಲೆಯಿಲ್ಲ, ಮೇಲೆ ಹಚ್ಚುವ ಬಣ್ಣಕ್ಕೇ ಬೆಲೆ.

ಅಷ್ಟರಲ್ಲಿ ತಿಂಡಿ ಮುಗಿಸಿದ ಅಮಿತ ಬೈಕ್ ನಿಲ್ಲಿಸಿ ಮೊಬೈಲು ಎತ್ತಿ ಹಿಡಿದ.

"ಸರ್, ಸರ್! ಇದೆಂತ ಇದು? ಒಂದು ಸ್ವಲ್ಪ ಹೇಳಿ, ವಿಡಿಯೋ ಮಾಡ್ತೆ."

ನಿಜ ಹೇಳಬೇಕೆಂದರೆ ಗುರುಪ್ರಸಾದನ ಹೆಸರು ಹೇಳಬೇಕು. ಬ್ಯಾಂಕಾಕಿನ ಹೆಸರೂ ಹೇಳಬೇಕು. ಆ ಎರಡು ಹೆಸರಿಗೆ ನಾಯಕರ ನಾಲಿಗೆ ಹೊರಳಲಿಲ್ಲ. ಅವರು ಎದೆ ಸೆಟೆದು, ಗೀರಿದ ಮುಖವನ್ನು ಮೊಬೈಲಿನತ್ತ ತಿರುಗಿಸಿದರು.

"ಇದು ನಮ್ಮ ಅಂಕೋಲೆದೇ ಪದ್ಧತಿ. ನಮ್ಮ ಅಜ್ಜ, ಮುತ್ತಜ್ಜ ಎಲ್ಲ ಮಾಡ್ಕೊಂಡು ಬಂದದ್ದು. ಥಾಯ್ಲೆಂಡಿನವ್ರು ಮಾಡ್ತಾರಲ್ಲ, ಅದು ಇಲ್ಲಿಂದ ಹೋದದ್ದು. ನಮ್ಮ ಬಂದರಿಂದ ಹಡಗು ಹೋಗ್ತಿತ್ತಲ್ಲ, ಅದ್ರಲ್ಲಿ. ಅಸಲಿ ಇಲ್ಲೇ ಅದೆ. ಅವ್ರದ್ದು ನಕಲಿ!"

"ಭಾರೀ ಆಯ್ತು ಸರ್!" ಎಂದ ಅಮಿತ. ಅವನ ಕಣ್ಣು ಹೊಳೆಯುತ್ತಿತ್ತು.

ಆಗ ಗೊಂಬೆಯ ಮೆರವಣಿಗೆಯ ಡೋಲಿನ ಸದ್ದು ಕಾರವಾರ ರಸ್ತೆಯತ್ತ ತಿರುಗಿತು. ಗುರುಪ್ರಸಾದ ಪೇಟೆಗೆ ಹೋಗುತ್ತಿದ್ದಾನೆ! ಪೇಟೆಯವರಿಗೆ ಮೊದಲು ಗೊಂಬೆ ಕಂಡರೆ ಮುಗಿಯಿತು. "ಓಡ್ರೋ!" ಎಂದು ನಾಯಕರು ಒಳದಾರಿಯಲ್ಲಿ ಹಮಾಲಿಗಳನ್ನು ಓಡಿಸಿದರು. ಮಾಸ್ತಿ ಬಳಗ ಕ್ರೇಟು ಹೊತ್ತುಕೊಂಡು ರಸ್ತೆಯನ್ನು ಒಂದೇ ಉಸಿರಿಗೆ ದಾಟಿತು. ತಾಡಪತ್ರಿಯ ಸಂದಿನಿಂದ ಕರಿಯ ತಲೆ ಹೊರಹಾಕಿ ಎರಡೂ ಕಡೆ ನೋಡಿತು.

ಮೊದಲು ನಿಂತದ್ದು ಹಾರವಾಡದ ಟೆಂಪೋ. ಅದರ ಹಿಂದೆ ಅರ್ಗಾ ಕಡೆ ಹೊರಟ ಟಿಪ್ಪರು. ಎದುರಿನಿಂದ ಆಟೋ, ಕಾರು, ನಾಲ್ಕಾರು ಬೈಕು. ಬೆಕ್ಕು ಅಡ್ಡ ಹೋದ ಮೇಲೆ ಬೇರೆ ಯಾರಾದರೂ ಮೊದಲು ದಾಟಲಿ, ದೋಷ ಅವರಿಗೆ ತಗಲಲಿ, ಆಮೇಲೆ ನಾವು ಹೋಗೋಣ ಎಂದು ಎಲ್ಲರೂ ಬಹಳ ಸೌಜನ್ಯದಿಂದ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟರು.

"ನೀವು ಹೋಗಿ ಸಾಹೇಬ್ರೆ" ಎಂದ ಆಟೋದವನು ಕಾರಿನವನಿಗೆ.

"ಅಡ್ಡಿಲ್ಲ, ನಮ್ಗೆ ಅವಸರ ಇಲ್ಲ. ನೀನೇ ಹೋಗು."

"ಇಷ್ಟು ಜನ ಕೂತಿದ್ದಾರಲ್ಲ ಮಾರಾಯಾ, ದೋಷ ಹಂಚಿ ಹೋಗ್ತದೆ, ಬಿಡು ಗಾಡಿ" ಎಂದು ಟೆಂಪೋದ ಕ್ಲೀನರು ಡ್ರೈವರಿಗೆ ಧೈರ್ಯ ಹೇಳಿದ.

"ನನ್ನ ಪಾಲು ನಂಗೆ ಬೇಡ! ನಾ ಇಲ್ಲೇ ಇಳೀತೆ" ಎಂದು ಒಳಗಿನಿಂದ ಒಬ್ಬ ಅಜ್ಜ ಕೂಗಿದ. ಅವನ ಹಿಂದೆ ಅರ್ಧ ಟೆಂಪೋ ಇಳಿಯಿತು.

ಹಾರ್ನ್ ಇಲ್ಲ, ಬೈಗುಳ ಇಲ್ಲ. ಅಂಕೋಲೆಯ ರಸ್ತೆ ಅಷ್ಟು ಮರ್ಯಾದೆಯಿಂದ ಎಂದೂ ನಿಂತಿರಲಿಲ್ಲ. ಇದರಲ್ಲಿ ಇನ್ನೊಂದು ತಮಾಷೆಯಿತ್ತು. ಹಿಂದೆ ಓಡಿಬಂದ ನಾಯಕರೂ ಈಚೆ ದಡದಲ್ಲೇ ನಿಂತುಬಿಟ್ಟಿದ್ದರು. ಅವರ ಬೆಕ್ಕೇ ಆದರೇನು, ಅಡ್ಡ ಹೋದದ್ದು ಹೋದದ್ದೇ. ಬ್ಯಾಂಕಾಕಿನ ಪ್ರಯಾಣ ಎದುರಿಗಿರುವಾಗ ಯಾರು ದಾಟುತ್ತಾರೆ?

"ಒಡೆಯಾ, ಬನ್ನಿ!" ಎಂದು ಮಾಸ್ತಿ ಆಚೆಯಿಂದ ಕರೆದ.

"ನೀವೇ ವಾಪಸ್ ಬನ್ರೋ!" ಎಂದು ನಾಯಕರು ಕೂಗಿದರು. ಹಮಾಲಿಗಳು ಕ್ರೇಟು ಎತ್ತಿ ಮತ್ತೆ ದಾಟಿದರು. ಇನ್ನೇನು ಗಾಡಿ ಬಿಡಬೇಕೆಂದಿದ್ದ ಟೆಂಪೋದವನು ಹಣೆ ಚಚ್ಚಿಕೊಂಡು ಎಂಜಿನ್ ಆರಿಸಿದ. ಟಿಪ್ಪರಿನವನು ಕೆಳಗಿಳಿದು ಬೀಡಿ ಹಚ್ಚಿದ. ಅಮಿತ ಒಂದು ಕಟ್ಟೆ ಹತ್ತಿ ಎಲ್ಲವನ್ನೂ ಮೊಬೈಲಿನಲ್ಲಿ ತುಂಬಿಕೊಳ್ಳುತ್ತಿದ್ದ.

ಆಗ ಬಂದ ಗುರುಪ್ರಸಾದ. ಸಂಗತಿ ತಿಳಿದು ಪಲ್ಲಕ್ಕಿಯ ಗೊಂಬೆಯತ್ತ ಕೈ ತೋರಿಸಿದ. "ಗೊಂಬೆಗೆ ದೋಷ ಇಲ್ಲ ಮಾರಾಯ್ರೆ! ಇದೇ ಮೊದ್ಲು ದಾಟ್ಲಿ. ಹೋಯ್ತಲ್ಲ ದೋಷ?" ಎಂದು ಡೋಲು ಬಡಿಸಿಕೊಂಡು ರಸ್ತೆ ದಾಟಿದ. ಜನರಿಗೆ ಹೋದ ಜೀವ ಬಂದಂತಾಯಿತು. ಚಪ್ಪಾಳೆ, ಸಿಳ್ಳೆ. ಟೆಂಪೋದ ಅಜ್ಜ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಎಲ್ಲ ಗಾಡಿಗಳೂ ಒಟ್ಟಿಗೆ ಹಾರ್ನ್ ಬಾರಿಸಿ ಹೊರಟವು.

ಆ ಹಾರ್ನಿಗೆ ಕರಿಯನ ಸಹನೆ ಮುಗಿಯಿತು. ತಾಡಪತ್ರಿ ಪರ್‌ರ್ ಎಂದು ಹರಿಯಿತು. ಅಬ್ಬಲಿಗೆ ಮಾಲೆ ಸಮೇತ ಹೊರಗೆ ಹಾರಿದ ಕರಿಯ ನಾಯಕರ ತಲೆಯನ್ನು ಮೆಟ್ಟಿಲು ಮಾಡಿಕೊಂಡು, ಆಟೋದ ಮೇಲೆ ಕಾಲಿಟ್ಟು, ನೇರವಾಗಿ ಗುರುಪ್ರಸಾದನ ಪಲ್ಲಕ್ಕಿಯಲ್ಲಿ ಇಳಿಯಿತು. ಅಲ್ಲಿ ಹಾಲಿನ ಬಟ್ಟಲಿತ್ತು. ಕರಿಯ ಗೊಂಬೆಯನ್ನು ಒರಗಿ ಕುಳಿತು ಕಣ್ಣು ಮುಚ್ಚಿ ಕುಡಿಯತೊಡಗಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೆಂದು ಅದು ತಿಳಿಯುತ್ತದಂತೆ. ನಾಯಕರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಮುಖ ಗೀರಿದ್ದಕ್ಕೂ ಅವರಿಗೆ ಅಷ್ಟು ನೋವಾಗಿರಲಿಲ್ಲ. ಇಷ್ಟು ವರ್ಷ ಮೀನು ಹಾಕಿ ಸಾಕಿದ ಬೆಕ್ಕೂ ಗುರುಪ್ರಸಾದನ ಪಾಲಾಯಿತಲ್ಲ!

"ಅರೇ, ಅಸಲಿಯೂ ಬಂತು! ಹೊಯ್ಯಿ ವೈಶಾಲಿ!" ಎಂದ ಗುರುಪ್ರಸಾದ. ವೈಶಾಲಿ ಸೆರಗಿನ ಚೊಂಬನ್ನು ಪೂರ್ತಿ ಸುರಿದಳು.

ಕರಿಯ ಕೂಗಿದ ಕೂಗಿಗೆ ಪೇಟೆಯ ನಾಯಿಗಳು ಓಡಿಹೋದವು. ಆ ಕೂಗು ಮುಗಿಯುವುದರೊಳಗೆ ಸಮುದ್ರದ ಕಡೆಯಿಂದ ಗುಡುಗು ಕೇಳಿಸಿತು. ಎಲ್ಲರೂ ತಲೆಯೆತ್ತಿದರು. ಬೆಕ್ಕು ನೋಡುವ ಗಡಿಬಿಡಿಯಲ್ಲಿ ಆಕಾಶ ಕಪ್ಪಾದದ್ದನ್ನು ಯಾರೂ ಗಮನಿಸಿರಲಿಲ್ಲ. ದಪ್ಪ ಹನಿಯೊಂದು ನಾಯಕರ ಮೂಗಿನ ಮೇಲೆ ಬಿತ್ತು. ಮರುಕ್ಷಣ ಧೋ ಎಂದು ಸುರಿಯಿತು ಮಳೆ.

ಜನ ಕುಣಿದರು. ಬೊಮ್ಮಿ ಬುಟ್ಟಿಯನ್ನು ತಲೆಗೆ ಕವುಚಿಕೊಂಡು ನಕ್ಕಳು. ಗುರುಪ್ರಸಾದನನ್ನು ಹೆಗಲ ಮೇಲೆತ್ತಿದರು. ನಾಯಕರು ಗುಂಪಿನೊಳಗೆ ನುಗ್ಗಿದರು.

"ಕೂಗಿದ್ದು ನನ್ನ ಬೆಕ್ಕು! ಎಲ್ರೂ ಕೇಳಿದ್ರಲ್ಲ?"

"ಪಲ್ಲಕ್ಕಿ ಗುರುಪ್ರಸಾದರದ್ದು" ಎಂದರು ಶರಾವತಿ ಟೀಚರು.

"ಗೊಂಬೆ ಕೂಗ್ತದ್ಯಾ ಟೀಚರೆ? ಗೊಂಬೆ ಕೂಗಿದ್ದು ಎಲ್ಲಾದ್ರೂ ಕಂಡಿದ್ರ್ಯಾ?"

"ನೀರು ಹೊಯ್ದದ್ದು ವೈಶಾಲಿ. ನಿಮ್ಮ ಹತ್ರ ಇದ್ದಷ್ಟು ಹೊತ್ತು ಅದು ರಸ್ತೆ ಬಂದ್ ಮಾಡ್ತು, ಅಷ್ಟೇ."

"ಅಸಲಿ ನನ್ನದು! ಮಳೆ ನನ್ನದು!" ಎಂದು ನಾಯಕರು ಸುರಿಯುವ ಮಳೆಯಲ್ಲಿ ನಿಂತು ಆಕಾಶಕ್ಕೆ ಬೆರಳು ತೋರಿಸಿದರು. ಆ ಬೆರಳಿನ ಪಕ್ಕದಲ್ಲೇ ಹರಿದ ತಾಡಪತ್ರಿ ಹಿಡಿದ ಮಾಸ್ತಿ ನಿಂತಿದ್ದ.

"ಒಡೆಯಾ" ಎಂದ ಅವನು ಮೆಲ್ಲಗೆ. "ಸಿಮೆಂಟು."

ನಾಯಕರು ಓಡಿದ ಓಟವನ್ನು ಅಂಕೋಲೆ ಬಹಳ ದಿನ ಮರೆಯಲಾರದು. ಗೋದಾಮಿನ ಅಂಗಳದಲ್ಲಿ ಬೂದು ಬಣ್ಣದ ಹೊಳೆ ಹರಿಯುತ್ತಿತ್ತು. ಅವರದೇ ಮಳೆ ಅವರದೇ ಸಿಮೆಂಟಿನ ಮೇಲೆ ಮನಸಾರೆ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಒಂದೊಂದು ಚೀಲವೂ ಕೋಟೆ ಕಟ್ಟುವ ಕಲ್ಲಾಗಲು ಹೊರಟಿತ್ತು.

ಸಂಜೆ ಮನೆಯಲ್ಲಿ ಪೂರ್ಣಿಮಾ ಗಂಡನ ಮುಖದ ಗೀರುಗಳಿಗೆ ಬ್ಯಾಂಕಾಕಿನ ಮುಲಾಮು ಹಚ್ಚಿದರು. ಗೀರು ಬಹಳವಿದ್ದವು, ಬಾಟಲಿ ಸಣ್ಣದು, ಮುಗಿದೇ ಹೋಯಿತು. ತಂಪಾಗುವ ಬದಲು ಮುಖವೆಲ್ಲ ಧಗಧಗ ಉರಿಯಿತು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಎದುರುಮನೆಯಲ್ಲಿ ಗುರುಪ್ರಸಾದನನ್ನು ನೋಡಲು ಬಂದವರ ಕೊಡೆಗಳು ಜಗಲಿಯ ತುಂಬ ಅರಳಿದ್ದವು.

ಫೋನು ಬಡಿದುಕೊಂಡಿತು. ಅಮಿತ.

"ಸರ್, ಸಿಮೆಂಟಿನ ಸುದ್ದಿ ಕೇಳಿದೆ. ಬೇಜಾರು ಮಾಡ್ಕೊಬೇಡಿ. ನೆನೆದ್ರೂ ಮಾಲು ಎತ್ತಿದ್ದು ಎತ್ತಿದ್ದೇ. ನಿಮ್ಮ ಟಾರ್ಗೆಟ್ ಮುಗೀತು, ಈ ವರ್ಷದ ಟೂರಿಗೆ ನಿಮ್ಮ ಹೆಸರು ಮೊದಲನೇದು!"

ನಾಯಕರು ಫೋನು ಕಿವಿಯಲ್ಲಿಟ್ಟುಕೊಂಡೇ ಸ್ಟೂಲು ಹತ್ತಿದರು. ಕಪಾಟಿನ ಮೇಲಿನ ಕೆಂಪು ಸೂಟ್‌ಕೇಸನ್ನು ಇಳಿಸಿ, ವರ್ಷದಿಂದ ಕಾದಿದ್ದ ಪ್ಲಾಸ್ಟಿಕ್ ಹಾಳೆಯನ್ನು ಒಂದೇ ಎಳೆತಕ್ಕೆ ಹರಿದು ಹಾಕಿದರು. ಅವರ ಕಣ್ಣಲ್ಲಿ ನೀರೇ ಬಂತು. "ಹೋಗ್ಲಿ ಸಿಮೆಂಟು! ನಾಲ್ಕು ಗಾಲಿಯೂ ಹ್ಯಾಂಗೆ ತಿರುಗ್ತದೆ ನೋಡು ಪೂರ್ಣಿಮಾ! ಹೊರಡೂದು ಯಾವಾಗ ಅಮಿತ?"

"ಹೊರಡೂದು ಅಂತ ಎಂತ ಇಲ್ಲ ಸರ್, ನೀವು ಅಲ್ಲೇ ಇದ್ದೀರಲ್ಲ" ಎಂದ ಅಮಿತ ಉತ್ಸಾಹದಿಂದ. "ನಿಮ್ಮ ವಿಡಿಯೋ ಕಂಪನಿ ಗ್ರೂಪಿಗೆ ಹಾಕಿದ್ದೆ. ದೊಡ್ಡ ಸಾಹೇಬ್ರು ನೋಡಿ ಕುಣಿದುಬಿಟ್ರಂತೆ. ಇನ್ನೂ ಸಹಿ ಹಾಕಿರ್ಲಿಲ್ಲ ಅಲ್ದಾ? 'ಅಸಲಿ ಅಂಕೋಲೆಯಲ್ಲೇ ಇರೂವಾಗ ನಕಲಿ ನೋಡ್ಲಿಕ್ಕೆ ಥಾಯ್ಲೆಂಡಿಗೆ ಯಾಕೆ ಹೋಗ್ಬೇಕು?' ಅಂದ್ರಂತೆ. ಈ ಸಲ ಎಲ್ಲ ಡೀಲರೂ ಕಾರವಾರಕ್ಕೇ! ಸಮುದ್ರದ ಬದಿಗೆ ಹೋಟೆಲು. ಒಂದಿನ ಬಸ್ಸು ಮಾಡ್ಕೊಂಡು ಅಂಕೋಲೆಗೆ ಬಂದು ನಿಮ್ಮ ಬೆಕ್ಕಿನ ಮೆರವಣಿಗೆ ನೋಡೂದು. ಮುಂದಾಳು ನೀವೇ."

ನಾಯಕರು ಸೂಟ್‌ಕೇಸಿನ ಮೇಲೆ ಕುಳಿತರು. ಅದು ನಾಲ್ಕು ಗಾಲಿಗಳ ಮೇಲೆ ಅವರನ್ನು ಗೋಡೆಯವರೆಗೆ ಕರೆದೊಯ್ದು ನಿಲ್ಲಿಸಿತು. ಆ ವರ್ಷ ಅವರಿಗೆ ಆದ ಪ್ರಯಾಣ ಅಷ್ಟೇ.

"ಇನ್ನೊಂದು ಸರ್. ಬ್ಯಾಂಕಾಕ್ ತಪ್ಪಿತು ಅಂತ ಉಳಿದ ಡೀಲರುಗಳು ಸ್ವಲ್ಪ ಸಿಟ್ಟಲ್ಲಿದ್ದಾರೆ. ಆ ವಿಡಿಯೋದವ್ರ ನಂಬರ್ ಕೊಡು ಅಂತ ಕೇಳ್ತಿದ್ದಾರೆ. ಕೊಡ್ಲಾ?"

ಸಂಪಿಗೆಕೇರಿಯಲ್ಲಿ ಸುದ್ದಿ ಮಳೆಗಿಂತ ಜೋರಾಗಿ ಹರಿಯುತ್ತದೆ. ಫೋನು ಕೆಳಗಿಟ್ಟು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಕೊಡೆ ಮಡಚುತ್ತ ಗುರುಪ್ರಸಾದ ಬಾಗಿಲಲ್ಲಿ ನಿಂತಿದ್ದ. ಕಂಕುಳಲ್ಲಿ ಕರಿಯ ಇತ್ತು. ಮಾಲೆ ಇನ್ನೂ ಕೊರಳಲ್ಲೇ ಇತ್ತು.

"ನಿಮ್ಮ ಬೆಕ್ಕು ತಂದೆ ನಾಯಕರೆ. ಇನ್ನು ಇದ್ರ ಡಿಮ್ಯಾಂಡು ಹೆಚ್ಚು, ಜೋಪಾನ ಮಾಡಿ" ಎಂದು ಒಳಗೆ ಬಂದು ಕುಳಿತ. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, "ಒಂದು ಮಾತು. ನಮ್ಮ ಪೇಂಟಿನವ್ರು ಈ ಸಲ ಬಾಲಿಗೆ ಕರ್ಕೊಂಡು ಹೋಗ್ತಾರಂತೆ. ನನ್ನ ಸೂಟ್‌ಕೇಸಿನ ಗಾಲಿ ಬ್ಯಾಂಕಾಕಲ್ಲೇ ಮುರೀತು. ನಿಮ್ಗೆ ಹೇಗೂ ಕಾರವಾರಕ್ಕೆ ಒಂದು ಕೈಚೀಲ ಸಾಕಲ್ದಾ..." ಎಂದು ತಲೆ ಕೆರೆದುಕೊಂಡ.

ಅವನ ಕಣ್ಣು ಗೋಡೆಯ ಬದಿಗೆ ಹೋಯಿತು. ಮುಖ ಅರಳಿತು.

"ಓಹೋ! ಪ್ಲಾಸ್ಟಿಕ್ ತೆಗ್ದು ರೆಡಿನೇ ಇಟ್ಬಿಟ್ಟಿದ್ದೀರಲ್ಲ! ನೆರೆಹೊರೆ ಅಂದ್ರೆ ಹಿಂಗಿರ್ಬೇಕು ನೋಡಿ!"

ಪೂರ್ಣಿಮಾ ನಗು ತಡೆಯಲಾರದೆ ಅಡುಗೆಮನೆಗೆ ಹೋದರು. ಗುರುಪ್ರಸಾದ ಸೂಟ್‌ಕೇಸಿನ ಹಿಡಿಕೆ ಎಳೆದು, ಎರಡು ಸಲ ಉರುಳಿಸಿ ನೋಡಿ, ಮಳೆ ತಾಗದಂತೆ ಅದರ ಮೇಲೆ ಕೊಡೆ ಬಿಚ್ಚಿದ. ಮೆಟ್ಟಿಲಿಳಿಯುವ ಮುಂಚೆ ಒಳ್ಳೆಯ ನೆರೆಯವನಂತೆ ತಿರುಗಿ ನಿಂತ.

"ಬಾಲಿಯಿಂದ ನಿಮ್ಗೆ ಎಂತ ತರ್ಲಿ ನಾಯಕರೆ?"

ಬೊಮ್ಮಯ್ಯ ನಾಯಕರು ಉರಿಯುವ ಮುಖವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಖಾಲಿ ಬಾಟಲಿಯನ್ನು ಅವನ ಕೈಗೆ ಕೊಟ್ಟರು.

"ಇದೇ ತನ್ನಿ. ಈ ಸಲ ದೊಡ್ಡ ಬಾಟ್ಲಿ."